ಗೋಡೆ ತುಂಬ ಹಾಗ್ವರ್ಟ್ಸ್, ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿ

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಹನ್ನೊಂದೂವರೆಗೆ ನಾನು ವಡೋದರಾದಲ್ಲಿ ಮಗಳ ಮನೆಯ ನೆಲದ ಮೇಲೆ ಕೂತು ಥರ್ಮೋಕೋಲಿಗೆ ಇಟ್ಟಿಗೆ ಗೆರೆ ಎಳೀತಾ ಇದ್ದೆ. ಸೊಂಟ ನೋವು ಬೇರೆ. ಮಗಳು ಗ್ಲೂ ಗನ್ ಹಿಡಿದು ಕೂತಿದ್ದಳು, ಅಳಿಯ ಮೇಣದ ಬತ್ತಿಯಂಥ ಪ್ಲಾಸ್ಟಿಕ್ ದೀಪಕ್ಕೆ ಶೆಲ್ ಹಾಕ್ತಾ ಇದ್ದರು. ಯಾರ ಹೋಂವರ್ಕು ಅಂತ ನಾವು ಮೂರೂ ಜನ ಒದ್ದಾಡ್ತಾ ಇದ್ದೆವೋ ಆ ಪುಣ್ಯಾತ್ಮ, ಮೂರನೇ ಕ್ಲಾಸಿನ ನನ್ನ ಮೊಮ್ಮಗ, ಒಂಬತ್ತು ಗಂಟೆಗೇ ಮಲಗಿ ಗೊರಕೆ ಹೊಡೀತಿದ್ದ.

ವಿಷಯ ಇಷ್ಟೇ. ಅವನ ಶಾಲೆಯಲ್ಲಿ ಪುಸ್ತಕ ಸಪ್ತಾಹ. ಒಂದೊಂದು ಕ್ಲಾಸ್‌ರೂಮನ್ನು ಒಂದೊಂದು ಪುಸ್ತಕದ ಹಾಗೆ ಸಿಂಗಾರ ಮಾಡಬೇಕು, ಚೆನ್ನಾಗಿ ಮಾಡಿದ ಕೋಣೆಗೆ ಕಪ್ಪು. ಇವರ ಕೋಣೆಗೆ ಹ್ಯಾರಿ ಪಾಟರ್ ಬಿತ್ತು. ತಲೆಗೆ 1500 ರೂಪಾಯಿ ವಸೂಲಿ, 32 ಮಕ್ಕಳು, ಒಟ್ಟು 48,000. ಅದರ ಮೇಲೆ 'ಕೈಕೆಲಸ ಬರುವ ಅಮ್ಮಂದಿರು ದಯವಿಟ್ಟು ಸಹಕರಿಸಿ' ಅಂತ ವಾಟ್ಸಾಪ್ ಗುಂಪಿನಲ್ಲಿ ಸಂದೇಶ. ಸೂರತ್‌ನಿಂದ ಎರಡು ದಿನದ ಮಟ್ಟಿಗೆ ಮೊಮ್ಮಗನ ಮುಖ ನೋಡೋಣ ಅಂತ ಹೋದವಳು ಹೀಗೆ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮಿನ ಗಾರೆ ಕೆಲಸಕ್ಕೆ ಸಿಕ್ಕಿಕೊಂಡೆ :-)

ಮಾರನೇ ದಿನ ಅಜ್ಜ ಅಜ್ಜಿಯರಿಗೂ ಆಹ್ವಾನ ಇತ್ತು, ಹೋದೆ. ಸುಳ್ಳು ಯಾಕೆ ಹೇಳಲಿ, ಬಾಗಿಲಲ್ಲಿ ಕಾಲಿಟ್ಟಾಗ ನಂಗೂ ಒಂದು ಕ್ಷಣ ಆಹಾ ಅನ್ನಿಸಿತು. ಚಾವಣಿಗೆ ಕಪ್ಪು ಬಟ್ಟೆ, ಅದರ ತುಂಬ ನಕ್ಷತ್ರ. ಕಾಣದ ದಾರದಲ್ಲಿ ತೂಗುವ ದೀಪಗಳು. ನಾಲ್ಕು ಬಣ್ಣದ ಬಾವುಟ, ಮೂಲೆಯಲ್ಲಿ ಗೂಬೆ, ಕಿಟಕಿಗೆ ಕೋಟೆಯ ಚಿತ್ರದ ಫ್ಲೆಕ್ಸು. ಬ್ಲ್ಯಾಕ್‌ಬೋರ್ಡ್ ಎಲ್ಲಿ ಅಂತ ಹುಡುಕಿದೆ, ಅದು ಫ್ಲೆಕ್ಸಿನ ಹಿಂದೆ ಇತ್ತು. ಮಕ್ಕಳೆಲ್ಲ ಕಪ್ಪು ಗೌನು ಹಾಕಿಕೊಂಡು ಬೆವರ್ತಾ ಕೂತಿದ್ದವು. ಫ್ಯಾನ್ ಹಾಕ್ರೀ ಅಂದರೆ ಹಾಕೋ ಹಾಗಿಲ್ಲವಂತೆ, ತೂಗುಬಿಟ್ಟ ದೀಪ ರೆಕ್ಕೆಗೆ ಸುತ್ತಿಕೊಳ್ಳುತ್ತೆ! ವಡೋದರಾದ ಸೆಖೆಯಲ್ಲಿ ಫ್ಯಾನಿಲ್ಲದ ಮಾಂತ್ರಿಕರ ಶಾಲೆ.

"ಪುಟ್ಟಾ, ಇಲ್ಲಿ ಗೂಬೆ ಯಾಕೋ ಇದೆ?" ಅಂತ ಕೇಳಿದೆ.

"ಡೆಕೊರೇಶನ್‌ಗೆ ಅಜ್ಜಿ."

ಪಕ್ಕದ ಐದಾರು ಮಕ್ಕಳನ್ನೂ ಮಾತಾಡಿಸಿದೆ. ಇಬ್ಬರು ಸಿನಿಮಾ ನೋಡಿದ್ದರು. ಒಬ್ಬ ಮೊಬೈಲಿನಲ್ಲಿ ಆಟ ಆಡಿದ್ದ. ಓದಿದವರು? ಯಾರೂ ಇಲ್ಲ. ಟೀಚರ್ ಓದಿ ಹೇಳಿದ್ದರಾ ಅಂದರೆ ಮುಖ ಮುಖ ನೋಡಿಕೊಂಡವು. ಪುಸ್ತಕ ಮಾತ್ರ ಇತ್ತು ಕಣ್ರೀ, ಇರಲಿಲ್ಲ ಅಂತಲ್ಲ. ಒಂದೇ ಒಂದು ಪ್ರತಿ, ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, 'ಮುಟ್ಟಬೇಡಿ' ಅನ್ನೋ ಚೀಟಿ ಸಮೇತ.

ಆ ಚೀಟಿ ನೋಡಿದ ಮೇಲೆ ನನಗೆ ತಡೆಯೋಕೆ ಆಗಲಿಲ್ಲ. ಆ ಸಿಟ್ಟೇ ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಇಲ್ಲದಿದ್ದರೆ ಕೆಳಗೆ ಬಂದು 'ನೋಡಿ, ಪಾಶ್ಚಾತ್ಯ ಸಂಸ್ಕೃತಿ, ನಮ್ಮ ಪಂಚತಂತ್ರ ಇರಲಿಲ್ವೇ' ಅಂತ ಶುರು ಮಾಡ್ತೀರಿ. ನನ್ನ ಜಗಳ ಹ್ಯಾರಿ ಪಾಟರ್ ಜೊತೆ ಅಲ್ಲವೇ ಅಲ್ಲ. ಮೊದಲ ಪುಸ್ತಕ ಬಂದಿದ್ದು 1997ರಲ್ಲಿ. ಆಮೇಲಿನ ಹತ್ತು ವರ್ಷ ನನ್ನ ಮಗಳು ಅದರಲ್ಲೇ ಬೆಳೆದಳು, ಊಟಕ್ಕೆ ಕರೆದರೂ ಏಳ್ತಿರಲಿಲ್ಲ. ಅವಳ ಕೋಣೆಯಲ್ಲಿ ಒಂದು ಗೂಬೆಯೂ ಇರಲಿಲ್ಲ, ಎಲ್ಲ ಅವಳ ತಲೆಯೊಳಗೇ ಇತ್ತು. ಇನ್ನು ಪರದೇಶದ ಕತೆ ಅನ್ನೋ ಆಕ್ಷೇಪ ಕನ್ನಡಿಗರ ಬಾಯಿಗೆ ಒಪ್ಪೋದೂ ಇಲ್ಲ. ಅಮರ ಚಿತ್ರಕಥೆ ಸರಣಿಯಲ್ಲಿ 'ಕೃಷ್ಣ' ಯಾಕೆ 11ನೇ ನಂಬರಿನಿಂದ ಶುರುವಾಗುತ್ತೆ ಗೊತ್ತಲ್ಲ? ಅದಕ್ಕೂ ಮೊದಲಿನ ಹತ್ತು ವಿದೇಶದ ಕಿನ್ನರ ಕತೆಗಳು, ಸಿಂಡರೆಲ್ಲಾ ಮುಂತಾದವು. ನಮ್ಮ ಕುವೆಂಪು ಅವರ ಕಿಂದರಿ ಜೋಗಿ ಹುಟ್ಟೂರು ಯಾವುದು? ಜರ್ಮನಿಯ ಹ್ಯಾಮೆಲಿನ್. ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಪದ್ಯ ಮಾಡಿದ, ಕುವೆಂಪು ಅವನನ್ನು ತುಂಗೆಯ ದಡಕ್ಕೆ ಕರೆತಂದು ಜಟೆ ಬಿಡಿಸಿ ಕೈಗೆ ಕಿಂದರಿ ಕೊಟ್ಟರು. ಈಗ ಅವನನ್ನು ಪರದೇಶಿ ಅಂತ ಯಾರು ಅಂತಾರೆ? ಕತೆ ಎಲ್ಲಿಂದಾದರೂ ಬರಲಿ, ನನಗೇನೂ ಅಡ್ಡಿಯಿಲ್ಲ. ಬರಬೇಕಲ್ಲ! ಆ ಕೋಣೆಗೆ ಕತೆ ಬರಲೇ ಇಲ್ಲ, ಅದರ ಪೆಂಡಾಲ್ ಮಾತ್ರ ಬಂತು.

ಪೆಂಡಾಲ್ ಅಂದಾಗ ನೆನಪಾಯಿತು. 2007ರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ದುರ್ಗಾಪೂಜೆಯವರು ಹಾಗ್ವರ್ಟ್ಸ್ ಕೋಟೆಯನ್ನೇ ಪೆಂಡಾಲ್ ಮಾಡಿದ್ದರು. ರೌಲಿಂಗ್ ಮತ್ತು ವಾರ್ನರ್ ಬ್ರದರ್ಸ್ ಕಡೆಯವರು ದಿಲ್ಲಿ ಹೈಕೋರ್ಟಿಗೆ ಹೋಗಿ 20 ಲಕ್ಷ ರೂಪಾಯಿ ಪರಿಹಾರ ಕೇಳಿದರು, ಕೋರ್ಟು ಆ ವರ್ಷದ ಪೂಜೆಗೆ ಅಡ್ಡಿ ಮಾಡಲಿಲ್ಲ. ಆಗ ನಾನು ಪೂಜೆಯವರ ಪರ ಇದ್ದೆ, ಈಗಲೂ ಇದ್ದೇನೆ. ಪೆಂಡಾಲ್ ಅನ್ನೋದು ಕಣ್ಣಿಗೆ. ನಾಲ್ಕು ದಿನ ಜನ ಸಾಲುಗಟ್ಟಿ ನೋಡ್ತಾರೆ, ಆಮೇಲೆ ಬಿಚ್ಚಿ ಹಾಕ್ತಾರೆ. ಆದರೆ ಕ್ಲಾಸ್‌ರೂಮ್ ಪೆಂಡಾಲ್ ಅಲ್ಲವಲ್ಲ. ದಿನಕ್ಕೆ ಐದಾರು ಗಂಟೆ ಮಕ್ಕಳು ಅಲ್ಲೇ ಕೂತು ಭಾಗಾಕಾರ ಕಲೀಬೇಕು.

"ಆಂಟಿ, ಹೀಗೆ ಮಾಡಿದರೆ ಮಕ್ಕಳಿಗೆ ಪುಸ್ತಕದ ಮೇಲೆ ಪ್ರೀತಿ ಬರುತ್ತೆ" ಅಂದರು ಆ ಟೀಚರಮ್ಮ. ಪಾಪ, ಚಿಕ್ಕ ಹುಡುಗಿ, ಮೂರು ರಾತ್ರಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಸರಿಯಲ್ಲ. ಮದುವೆ ಮಂಟಪ ಚೆನ್ನಾಗಿದ್ದರೆ ಗಂಡ ಹೆಂಡತಿ ಅನ್ಯೋನ್ಯವಾಗಿರ್ತಾರೆ ಅಂದ ಹಾಗಾಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 24 ಪುಟ್ಟ ಮಕ್ಕಳಿಗೆ ಕೆಲವು ಪಾಠ ತುಂಬ ಅಲಂಕಾರದ ಕೋಣೆಯಲ್ಲಿ, ಕೆಲವು ಬೋಳು ಗೋಡೆಯ ಕೋಣೆಯಲ್ಲಿ. ಬೋಳು ಕೋಣೆಯ ಪಾಠಕ್ಕೆ ಸರಿಯುತ್ತರ ಶೇ. 55, ಅಲಂಕಾರದ ಕೋಣೆಯದ್ದಕ್ಕೆ ಶೇ. 42. ಬರೀ 24 ಮಕ್ಕಳು, ಅದನ್ನೇ ವೇದವಾಕ್ಯ ಅಂತ ನಾನೂ ಹೇಳಲ್ಲ. ಆದರೂ ಅಲಂಕಾರದಿಂದ ಕಲಿಕೆ ಹೆಚ್ಚುತ್ತೆ ಅನ್ನೋರು ಒಮ್ಮೆ ಯೋಚನೆ ಮಾಡಬೇಕು ತಾನೇ?

ನನಗೆ ಹೆಚ್ಚು ಬೇಸರ ಏನು ಗೊತ್ತಾ? ಇದು ನಡೀತಿರೋದು ಯಾವ ನಾಡಿನಲ್ಲಿ ಅನ್ನೋದು. ಗುಜರಾತ್ ಅಂದರೆ ಗಿಜುಭಾಯಿ ಬಧೇಕಾ ಅವರ ನಾಡು. ವಕೀಲಿಕೆ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಶುರು ಮಾಡಿದ ಮನುಷ್ಯ, ಮಕ್ಕಳ ಪಾಲಿಗೆ 'ಮೀಸೆಯುಳ್ಳ ಅಮ್ಮ'. ಅವರ 'ದಿವಾಸ್ವಪ್ನ' ಪುಸ್ತಕದಲ್ಲಿ ಒಬ್ಬ ಮೇಷ್ಟ್ರು ನಾಲ್ಕನೇ ಕ್ಲಾಸಿಗೆ ಹೋಗ್ತಾನೆ. ಮೊದಲ ದಿನ ಮೌನದ ಆಟ ಆಡಿಸೋಕೆ ಹೋಗಿ ಪೂರ್ತಿ ಮುಖಭಂಗ, ಹುಡುಗರು ಕೂಗಿ ಗದ್ದಲ ಎಬ್ಬಿಸ್ತಾರೆ. ಆಮೇಲೆ ಕತೆ ಶುರು ಮಾಡ್ತಾನೆ, ಒಬ್ಬ ರಾಜ, ಅವನಿಗೆ ಏಳು ಜನ ರಾಣಿಯರು ಅಂತ. ಗಲಾಟೆ ಮಾಡ್ತಿದ್ದವರೇ ಮನೆಗೆ ಹೋಗಲ್ಲ ಅಂತಾರೆ. ಕತೆಯ ರುಚಿ ಹತ್ತಿದ ಮೇಲೆ ತರಗತಿಗೇ ಒಂದು ಪುಟ್ಟ ಲೈಬ್ರರಿ. ನೋಡಿ, ಕತೆ ಮೊದಲು, ಪುಸ್ತಕ ಆಮೇಲೆ. ಗೋಡೆಯ ಸರದಿ ಅದಕ್ಕೂ ಆಮೇಲೆ. ನೂರು ವರ್ಷದ ಹಿಂದೆ ಇದೇ ನೆಲದಲ್ಲಿ ಗೊತ್ತಿದ್ದ ವಿಷಯ ಇದು.

ವಡೋದರಾ ಊರನ್ನೇ ತೆಗೆದುಕೊಳ್ಳಿ. ಸಯಾಜಿರಾವ್ ಮಹಾರಾಜರು 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದರು, 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಲೈಬ್ರೇರಿಯನ್‌ನನ್ನು ಕರೆಸಿ ಊರೂರಿಗೆ ಪುಸ್ತಕಾಲಯ ಮಾಡಿಸಿದರು. ಮಾಂಡವಿ ಹತ್ತಿರದ ಸೆಂಟ್ರಲ್ ಲೈಬ್ರರಿಯ ಕಪಾಟುಗಳ ನಡುವೆ ಗಾಜಿನ ನೆಲ ಇದೆ, ಕೆಳಗೂ ಬೆಳಕು ಬೀಳಲಿ ಅಂತ. ಗಾಜನ್ನು ಅವರು ಪುಸ್ತಕ ಹುಡುಕೋರಿಗೆ ಬೆಳಕು ಕೊಡೋಕೆ ಬಳಸಿದರು, ನಾವು ಪುಸ್ತಕ ಮುಟ್ಟದ ಹಾಗೆ ಮಾಡೋಕೆ ಬಳಸ್ತೀವಿ. ಅಲ್ಲೇ ಫೈನ್ ಆರ್ಟ್ಸ್ ಕಾಲೇಜಿನ ಮೇಳಗಳಿಗಾಗಿ ಮಕ್ಕಳ ಪುಸ್ತಕ ಬರೆದು, ಚಿತ್ರ ಬರೆದು, ಆಟಿಕೆಗಳನ್ನೂ ಮಾಡಿದವರು ಕೆ.ಜಿ. ಸುಬ್ರಹ್ಮಣ್ಯನ್. ಅಷ್ಟು ದೊಡ್ಡ ಕಲಾವಿದರು. ನಮ್ಮ ಹಾಗೇ ದಕ್ಷಿಣದಿಂದ ಬಂದವರು, ಕೇರಳದವರು, 2016ರಲ್ಲಿ ವಡೋದರಾದಲ್ಲೇ ತೀರಿಕೊಂಡರು. ಮೊಮ್ಮಗನ ಶಾಲೆಯಲ್ಲಿ ಅವರ ಹೆಸರು ಎತ್ತಿದೆ. ಯಾವ ಬ್ರ್ಯಾಂಚ್ ಪೇರೆಂಟ್ ಅಂತ ಕೇಳಿದರು :-(

ನಮ್ಮ ಸೂರತ್ ಏನೂ ಕಡಿಮೆ ಇಲ್ಲ. 'ಗಾಂಡೀವ' ಅನ್ನೋ ಮಕ್ಕಳ ಪತ್ರಿಕೆ ಹೊರಟಿದ್ದು ಇಲ್ಲಿಂದ. ಅದರಲ್ಲಿ 1930ರ ದಶಕದಲ್ಲಿ ಹರಿಪ್ರಸಾದ್ ವ್ಯಾಸ್ ಹುಟ್ಟಿಸಿದ ಬಕೋರ್ ಪಟೇಲ್ ಇವತ್ತಿಗೂ ಹಳೇ ಗುಜರಾತಿಗಳ ಬಾಯಲ್ಲಿ ಜೀವಂತ. ಮನುಷ್ಯರ ಹಾಗೆ ಬಟ್ಟೆ ಹಾಕಿ ಸಂಸಾರ ಮಾಡೋ ಒಬ್ಬ ಆಡು, ಹೆಂಡತಿ ಶಕರೀ ಪಟಲಾಣಿ, ಗೆಳೆಯ ವಾಘ್‌ಜಿಭಾಯಿ ಅಂತ ಒಬ್ಬ ಹುಲಿ, ವೃತ್ತಿಯಲ್ಲಿ ವಕೀಲ. ಹುಲಿ ವಕೀಲನಾದರೆ ಆಡು ಫೀಸು ಕೊಡದೆ ಇರುತ್ತಾ ಹೇಳಿ! ನನಗೆ ಗುಜರಾತಿ ಓದೋಕೆ ಕಲಿಸಿದ್ದೇ ಈ ಪಟೇಲರು. 1989ರಲ್ಲಿ ಮದುವೆಯಾಗಿ ಸಾಗರದಿಂದ ಇಲ್ಲಿಗೆ ಬಂದಾಗ ಪಕ್ಕದ ಮನೆ ಬಾ ಹಳೇ ಪುಸ್ತಕ ಕೊಟ್ಟು, "ಇದನ್ನು ಓದು, ನಕ್ಕೊಂಡು ಕಲೀತೀಯ" ಅಂದಿದ್ದರು. ಆ ಪುಸ್ತಕದ ಬೆನ್ನು ಕಿತ್ತು ಹೋಗಿತ್ತು. ಮುಟ್ಟಬೇಡಿ ಅಂತ ಚೀಟಿ ಇರಲಿಲ್ಲ.

ಲೆಕ್ಕ ಹಾಕಿ. 48,000 ರೂಪಾಯಿ. ಮಕ್ಕಳ ಪುಸ್ತಕ ಸರಾಸರಿ 80 ರೂಪಾಯಿ ಅಂತ ಹಿಡಿದರೂ 600 ಪುಸ್ತಕ. ಒಂದೇ ಕ್ಲಾಸಿಗೆ! ಒಂದು ವಾರದ ನಂತರ ಆ ಥರ್ಮೋಕೋಲ್ ಏನಾಯಿತು ಅಂತ ಕೇಳಿದೆ. ಕಸದ ಗಾಡಿಗೆ ಹಾಕೋಕೆ ಒಡೆದು ತುಂಡು ಮಾಡಬೇಕಾಯಿತಂತೆ. ನನ್ನ ಇಟ್ಟಿಗೆಗಳೂ ಅದರಲ್ಲಿ. ಅಂದಹಾಗೆ ಕಪ್ಪು ಇವರಿಗೆ ಬರಲಿಲ್ಲ, ನಾರ್ನಿಯಾದವರಿಗೆ ಹೋಯಿತು. ಅವರು ಹತ್ತಿಯಲ್ಲಿ ಹಿಮ ಮಾಡಿದ್ದರಂತೆ.

ಇಷ್ಟು ಹೊತ್ತು ಬೇರೆಯವರ ಶಾಲೆ ಬೈದೆ. ಈಗ ನಮ್ಮ ಬೆನ್ನು ನೋಡಿಕೊಳ್ಳೋಣ. ಸೂರತ್‌ನಲ್ಲಿ ನಾವು ನಾಲ್ಕೈದು ಮನೆಯವರು ಸೇರಿ ಭಾನುವಾರ ಕನ್ನಡ ಪಾಠ ಮಾಡ್ತೀವಿ ಅಂತ ಹಿಂದೆ ಬರೆದಿದ್ದೆ. ಬಾಡಿಗೆ ಹಾಲು, ಹದಿನೈದು ಮಕ್ಕಳು. ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಅಂತ ಚಂದಾ ಎತ್ತಿ 9,000 ರೂಪಾಯಿ ಫ್ಲೆಕ್ಸಿಗೆ ಸುರಿದೆವು. ಭುವನೇಶ್ವರಿ, ಜೋಗ, ಕರ್ನಾಟಕದ ಭೂಪಟ, ಎಂಟು ಜ್ಞಾನಪೀಠದವರ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಹೆಸರು. ನಾನೇ ಮುಂದೆ ನಿಂತು ಮಾಡಿಸಿದ್ದು. ಮುಂದಿನ ವಾರ ಒಂದು ಹುಡುಗಿಯನ್ನು ಕರೆದು "ಇವರು ಯಾರು ಪುಟ್ಟಿ?" ಅಂತ ಕಾರಂತರನ್ನು ತೋರಿಸಿದೆ. ಆ ಬಿಳೀ ಕೂದಲು ನೋಡಿ "ಐನ್‌ಸ್ಟೈನ್" ಅಂತು. ನಕ್ಕೆವು. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಫೋಟೋದ ಕೆಳಗೆ ಮೂರಂಗುಲದ ಕನ್ನಡ ಅಕ್ಷರ ಇತ್ತಲ್ಲ, ಅದನ್ನು ಓದೋಕೆ ಆ ಹುಡುಗಿಗೆ ಆಗಲಿಲ್ಲ. ಹದಿನೈದರಲ್ಲಿ ಹನ್ನೊಂದು ಮಕ್ಕಳಿಗೆ ಆಗಲಿಲ್ಲ. ಗಾಜಿನ ಪೆಟ್ಟಿಗೆ ಇಟ್ಟವರು ಅವರೊಬ್ಬರೇ ಅಲ್ಲ, ನಾವೂ ಕನ್ನಡವನ್ನು ಗೋಡೆಗೆ ಏರಿಸಿ ಕೈಮುಗಿದು ಬಂದಿದ್ದೆವು.

ಅಹಮದಾಬಾದಿನಲ್ಲಿರೋ ನನ್ನ ಮೈದುನನ ಹತ್ತಿರ ಇದನ್ನು ಹೇಳಿದರೆ "ಅತ್ತಿಗೆ, ಮಕ್ಕಳು ಬರೋದೇ ದೊಡ್ಡದು, ಓದೋದು ಬಿಡಿ, ಹಾಲು ಕಳೆಕಳೆಯಾಗಿದ್ದರೆ ಸಾಕು" ಅಂದ. ಇದೇ ಮಾತನ್ನು ನಾವು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೀವಿ. ಅದರ ಫಲ ಕಣ್ಣ ಮುಂದಿದೆ, ಅವನ ಇಬ್ಬರು ಮಕ್ಕಳಿಗೂ ಕನ್ನಡ ಓದೋಕೆ ಬರಲ್ಲ. (ಓದಿ ಸಿಟ್ಟಾಗಬೇಡಪ್ಪಾ, ನನ್ನ ಮಗಳಿಗೂ ತಡವರಿಸಿಕೊಂಡು ಬರುತ್ತೆ ಅಷ್ಟೇ.)

ನನ್ನ ತಂಗಿ ಸಾಗರದ ಕಡೆ ಸರ್ಕಾರಿ ಶಾಲೆ ಟೀಚರು. ಅವಳಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳು "ಅಕ್ಕಾ, ನಮ್ಮ ಚಪ್ಪರ ಕಟ್ಟು" ಅಂದಳು. ನಲಿ-ಕಲಿ ಗೊತ್ತಿರಬೇಕಲ್ಲ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಿಂದ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಆ ಕೋಣೆಗಳಲ್ಲಿ ತಲೆಯ ಮೇಲೆ ದಾರ ಎಳೆದು ಚಪ್ಪರ ಕಟ್ಟಿರ್ತಾರೆ. ಮಗು ಬರೆದಿದ್ದು, ಕತ್ತರಿಸಿದ್ದು, ಬಣ್ಣ ಹಚ್ಚಿದ್ದು ಅದಕ್ಕೆ ತೂಗುತ್ತೆ. ಗೋಡೆಯಲ್ಲಿ ಮಗುವಿನ ಎತ್ತರಕ್ಕೇ ಕಪ್ಪು ಹಲಗೆ. ಅಂಗಡಿಯಿಂದ ತಂದಿದ್ದಕ್ಕೆ ಅಲ್ಲಿ ಜಾಗವಿಲ್ಲ. ಹಾಗಂತ ಅದೇನು ಸ್ವರ್ಗ ಅಂತಲ್ಲ, ಕೆಲವು ಕಡೆ ಮೇಲಿನವರು ಬರ್ತಾರೆ ಅಂದಾಗ ಮಾತ್ರ ಹೋದ ವರ್ಷದ ಹಾಳೆಯ ಧೂಳು ಕೊಡವಿ ತೂಗು ಹಾಕೋದೂ ಉಂಟು ಅಂತ ಅವಳೇ ನಕ್ಕಳು.

ಸರಿ, ಒಂದು ಹಗ್ಗ ತಂದೆವು. ಫ್ಲೆಕ್ಸ್ ಎಲ್ಲ ಸುತ್ತಿ ಇಟ್ಟೆವು. ಯಾವ ಕತೆ? ನಾನು ಕಿಂದರಿ ಜೋಗಿ ಅಂದೆ. ಸೂರತ್‌ನಲ್ಲಿ ಇಲಿಯ ಕತೆ ಹೇಳೋದು ಅಂದರೆ ಸುಮ್ಮನೆ ಅಲ್ಲ. 1994ರ ಸೆಪ್ಟೆಂಬರಿನಲ್ಲಿ ಇಲ್ಲಿ ಇದ್ದವರಿಗೆ ಗೊತ್ತು. ಪ್ಲೇಗ್ ಅನ್ನೋ ಸುದ್ದಿ ರಾತ್ರೋರಾತ್ರಿ ಹಬ್ಬಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ಎರಡು ವರ್ಷದ ಮಗಳನ್ನು ಎತ್ತಿಕೊಂಡು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ನಾವೂ ಸ್ಟೇಷನ್ನಿನಲ್ಲಿ ನಿಂತಿದ್ದೆವು. ಔಷಧದ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮುಗಿದು ಹೋಗಿತ್ತು. ಊರಿಗೆ ಹೋದರೆ ಪಕ್ಕದ ಮನೆಯವರು ಒಂದು ವಾರ ನಮ್ಮ ಅಂಗಳಕ್ಕೇ ಬರಲಿಲ್ಲ. ಆಗ ಅಜ್ಜಿ ತಾನು ಸಣ್ಣವಳಿದ್ದಾಗಿನ ಕತೆ ಹೇಳಿದ್ದರು, ಮನೆಯಲ್ಲಿ ಇಲಿ ಬಿತ್ತು ಅಂದರೆ ಸಾಕು, ಇಡೀ ಊರೇ ಹೊರಗೆ ಗುಡಿಸಲು ಹಾಕಿಕೊಂಡು ಇರ್ತಿತ್ತಂತೆ. ಮರುವರ್ಷ ಎಸ್.ಆರ್. ರಾವ್ ಕಮಿಷನರಾಗಿ ಬಂದು ಊರು ತೊಳೆದರು, 1996ಕ್ಕೆ ಸೂರತ್ ಚಂಡೀಗಢದ ನಂತರ ದೇಶದ ಎರಡನೇ ಸ್ವಚ್ಛ ನಗರ ಅನ್ನಿಸಿಕೊಂಡಿತು. ನಮ್ಮ ಕಿಂದರಿ ಜೋಗಿ ಪೊರಕೆ ಹಿಡಿದು ಬಂದಿದ್ದ ಅನ್ನಿ.

ಮೂರು ಭಾನುವಾರ ಬರೀ ಪದ್ಯ. ಓದಿದೆ, ಹಾಡಿದೆ, ಅರ್ಧಕ್ಕೆ ನಿಲ್ಲಿಸಿ ಮನೆಗೆ ಕಳಿಸಿದೆ. ಮುಂದೇನಾಯಿತು ಅಂತ ವಾರವಿಡೀ ಅಮ್ಮಂದಿರ ತಲೆ ತಿಂದವಂತೆ. ಅದರಲ್ಲಿ ಒಬ್ಬಳು ತಾಯಿ ಹದಿನೈದು ವರ್ಷದ ಮೇಲೆ ಕನ್ನಡ ಪುಸ್ತಕ ಕೈಗೆ ತಗೊಂಡೆ ಅಂದಳು. ನಾಲ್ಕನೇ ವಾರ ಇಲಿ ಮಾಡೋಣ ಅಂದೆ. ಖರ್ಚು? ಸೂರತ್‌ನಲ್ಲಿ ಬಟ್ಟೆ ಮಾರ್ಕೆಟ್ಟಿನ ಚೀಂದಿಗೆ ಬರವೇ? ಒಂದು ಗೋಣಿ ಚೂರುಬಟ್ಟೆ ಪುಕ್ಕಟೆ ಸಿಕ್ಕಿತು. ಜರಿ ಇಲಿ, ಜಾರ್ಜೆಟ್ ಇಲಿ, ಒಂದು ಕಣ್ಣಿನ ಇಲಿ, ಬಾಲವೇ ಇಲ್ಲದ ಇಲಿ. ಒಂದೊಂದು ಇಲಿಯ ಹೊಟ್ಟೆಗೆ ಒಂದು ಚೀಟಿ, ಅದರಲ್ಲಿ ಪದ್ಯದಿಂದ ಆರಿಸಿದ ಒಂದು ಕನ್ನಡ ಪದ, ಬರೆದವರು ಅವರೇ. ತಪ್ಪಿದ್ದರೂ ತೂಗುಹಾಕಿದೆವು. ಹಗ್ಗದ ತುಂಬ ಇಲಿ! ನೋಡೋಕೆ ಅಂಥ ಅಂದವೇನಿಲ್ಲ, ಹಾಗ್ವರ್ಟ್ಸ್ ಮುಂದೆ ಇಟ್ಟರೆ ಮಾನ ಹೋಗುತ್ತೆ. ಹಾಲಿನ ಮಾಲೀಕರು ಬಂದು "ಬೆನ್, ಆ ಶುಂ ಛೇ?" ಅಂದರು, ಇದೇನಿದು ಅಂತ. ಐನ್‌ಸ್ಟೈನ್ ಅಂದಿದ್ದ ಅದೇ ಹುಡುಗಿ ಗುಜರಾತಿಯಲ್ಲಿ ಕತೆ ಪೂರ್ತಿ ಹೇಳಿದಳು. ಗೌಡ ದುಡ್ಡು ಕೊಡದೆ ಮೋಸ ಮಾಡಿದ ಅನ್ನೋ ಜಾಗ ಬಂದಾಗ ಮಾಲೀಕರು ಸ್ವಲ್ಪ ಆ ಕಡೆ ನೋಡಿದರು. (ನಮ್ಮ ಡಿಪಾಸಿಟ್ ಇನ್ನೂ ವಾಪಸ್ ಬಂದಿಲ್ಲ!)

ಮಕ್ಕಳೆಲ್ಲ ಬೆಟ್ಟದೊಳಗೆ ಹೋಗಿಬಿಟ್ಟ ಮೇಲೆ ಹಿಂದೆ ಉಳಿಯೋ ಕುಂಟ ಹುಡುಗ ಇದ್ದಾನಲ್ಲ, ಅವನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅವನು ಆಮೇಲೆ ಯಾರ ಜೊತೆ ಆಡ್ತಾನೆ ಆಂಟಿ?" ಅಂತ ಒಬ್ಬ. ಇನ್ನೊಬ್ಬ ಅವನ ಚಿತ್ರ ಬರೆದು ಪಕ್ಕದಲ್ಲಿ ಒಂದು ಇಲಿ ಕೂರಿಸಿದ್ದ, ಒಂದೇ ಒಂದು ಇಲಿ ಮುಳುಗದೆ ವಾಪಸ್ ಬಂತಂತೆ, ಅವನಿಗೆ ಜೊತೆಗೆ ಅಂತ. ಇದನ್ನು ಯಾವ ಫ್ಲೆಕ್ಸಿನವನು ಪ್ರಿಂಟ್ ಮಾಡಿಕೊಡ್ತಾನೆ ಹೇಳಿ.

ಆ ಹಾಲು ಬರೋ ಶನಿವಾರ ಒಂದು ಸೀಮಂತಕ್ಕೆ ಬುಕ್ ಆಗಿದೆ, ಅಷ್ಟರಲ್ಲಿ ಇಲಿಗಳನ್ನು ಇಳಿಸಬೇಕು. ತಲೆಗೆ ಎರಡರ ಹಾಗೆ ಮನೆಗೆ ಕೊಟ್ಟು ಕಳಿಸ್ತೀವಿ. ಮುಂದಿನ ಕತೆ ಬಕೋರ್ ಪಟೇಲ್, ಗುಜರಾತಿಯಿಂದ ನಾನೇ ಬಾಯಲ್ಲಿ ಕನ್ನಡ ಮಾಡಿ ಹೇಳಬೇಕು ಅಂತ ಇದ್ದೀನಿ. ಹುಲಿ ವಕೀಲನಿಗೆ ಹಾಕೋಕೆ ಒಂದು ಹಳೇ ಕರೀ ಕೋಟು ಬೇಕು, ಯಾರ ಮನೆಯಲ್ಲಾದರೂ ಇದ್ದರೆ ಹೇಳಿ. ಅಹಮದಾಬಾದಿನವರು, ವಡೋದರಾದವರು ನಿಮ್ಮ ಊರಿನಲ್ಲೂ ಮಾಡೋದಾದರೆ ಪದ್ಯದ ಪುಸ್ತಕ ನನ್ನ ಹತ್ತಿರ ನಾಲ್ಕು ಪ್ರತಿ ಇದೆ, ಕಳಿಸಿಕೊಡ್ತೀನಿ. ಪುಟಕ್ಕೆ ಎಣ್ಣೆ ಕಲೆ ಇದೆ, ಬೇಜಾರು ಮಾಡ್ಕೋಬೇಡಿ.